ವಿಶ್ವಾಸದಿಂದ ಉದ್ಧಾರ: ಯಾರ ವಿಶ್ವಾಸ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ದೊಡ್ಡಪ್ಪನವರು ತೀರಿಕೊಂಡು ಮೂವತ್ತು ದಿನಗಳಾಗಿದ್ದವು. ಬೆಳಿಗ್ಗೆ ದೇವಾಲಯದಲ್ಲಿ ಬಲಿಪೂಜೆ, ಮಧ್ಯಾಹ್ನ ನೆಂಟರಿಷ್ಟರಿಗೆ ಊಟ, ಸಂಜೆ ಮನೆಯಲ್ಲಿ ಜಪಸರ ಎಂದು ಏರ್ಪಾಡಾಗಿತ್ತು. ಜಪಸರ ಮುಗಿದು ಬಂದವರೆಲ್ಲ ಹೊರಟುಹೋದ ಮೇಲೆ, ದೊಡ್ಡಮ್ಮನ ಕಿರಿಯ ಮಗ ತಾಯಿಯ ಪಕ್ಕದಲ್ಲಿ ಕುಳಿತು, ಬಹಳ ದಿನಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದುದನ್ನು ಹೊರಹಾಕುವವನಂತೆ ಕೇಳಿದ: "ಅಮ್ಮಾ, ನೀನು ರಕ್ಷಣೆ ಹೊಂದಿದ್ದೀಯಾ?"

ಅವನು ಆ ವೇಳೆಗೆ ಎರಡು ವರ್ಷಗಳಿಂದ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದ. ದೊಡ್ಡಮ್ಮನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವನು ವಿವರಿಸಿದ: ಜ್ಞಾನಸ್ನಾನ ಪಡೆದದ್ದು, ಪೂಜೆಗೆ ಹೋದದ್ದು, ಉಪವಾಸ ಮಾಡಿದ್ದು, ದಾನ ಕೊಟ್ಟದ್ದು ಇವು ಯಾವುವೂ ಮನುಷ್ಯನನ್ನು ರಕ್ಷಿಸುವುದಿಲ್ಲ; ಯೇಸುವನ್ನು ಸ್ವಂತ ರಕ್ಷಕನೆಂದು ಒಂದು ನಿರ್ದಿಷ್ಟ ದಿನ ಅಂಗೀಕರಿಸಿದ ವಿಶ್ವಾಸವೊಂದೇ ರಕ್ಷಿಸುತ್ತದೆ; ಹಾಗೆ ಅಂಗೀಕರಿಸಿದವನಿಗೆ ಆ ದಿನ ಯಾವುದೆಂದು ಗೊತ್ತಿರುತ್ತದೆ. ಇಷ್ಟು ಹೇಳಿ ಅವನು ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಅವನ ಕಣ್ಣು ಗೋಡೆಯ ಮೇಲೆ ಹೂಮಾಲೆ ಹಾಕಿದ್ದ ತಂದೆಯ ಭಾವಚಿತ್ರದ ಕಡೆ ಹೋಯಿತು. "ಅಪ್ಪನಿಗೆ ಇದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ" ಎಂದು ಅಳತೊಡಗಿದ.

ದೊಡ್ಡಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ನನಗೆ ಆ ದಿನ ಯಾವುದೋ ಗೊತ್ತಿಲ್ಲಪ್ಪ. ನಿಮ್ಮಪ್ಪನ ಲೆಕ್ಕವನ್ನೂ ನನ್ನ ಲೆಕ್ಕವನ್ನೂ ಸ್ವಾಮಿಯೇ ಬಲ್ಲರು" ಎಂದು ಹೇಳಿ ಅಡುಗೆಮನೆಗೆ ಎದ್ದು ಹೋದರು. ಆದರೆ ಆ ಮಾತು ಅವರೊಳಗೆ ಮುಳ್ಳಿನಂತೆ ಉಳಿಯಿತು. ಮರುವಾರ ನನ್ನನ್ನು ಕರೆಸಿ, "ನೀನು ಧರ್ಮೋಪದೇಶದ ಪಾಠ ಹೇಳುವವನು, ಹೇಳು. ನಿಮ್ಮ ದೊಡ್ಡಪ್ಪ ಮಾಡಿದ್ದೆಲ್ಲ ವ್ಯರ್ಥವೇ?" ಎಂದು ಕೇಳಿದರು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಬರಹವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಆ ಮಗನಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಕುಡಿತದಿಂದ ಅವನ ಸಂಸಾರ ಹಾಳಾಗುವ ಹಂತಕ್ಕೆ ಬಂದಿತ್ತು. ಹರಕೆ ಹೊತ್ತದ್ದಾಯಿತು, ಆಣೆ ಮಾಡಿಸಿದ್ದಾಯಿತು, ಒಂಬತ್ತು ವಾರಗಳ ನವೇನ ಮುಗಿಸಿದ್ದಾಯಿತು. ಯಾವುದೂ ಅವನನ್ನು ಹಿಡಿದು ನಿಲ್ಲಿಸಲಿಲ್ಲ. ತನ್ನಿಂದ ಏನೂ ಆಗದು ಎಂದು ಕೈಚೆಲ್ಲಿದ ಒಂದು ರಾತ್ರಿ, ನೀನು ಏನೂ ಮಾಡಬೇಕಾಗಿಲ್ಲ, ಮಾಡಬೇಕಾದ್ದನ್ನು ಕ್ರಿಸ್ತರು ಮಾಡಿಯಾಗಿದೆ ಎಂಬ ಮಾತು ಅವನ ಕಿವಿಗೆ ಬಿತ್ತು. ಅಂದಿನಿಂದ ಅವನು ಕುಡಿಯಲಿಲ್ಲ. ಅವನಿಗೆ ದಿನಾಂಕ ಗೊತ್ತಿರುವುದು ಸಹಜ. ಮುಳುಗುತ್ತಿದ್ದವನಿಗೆ ತನ್ನನ್ನು ಮೇಲಕ್ಕೆಳೆದ ಕ್ಷಣ ನೆನಪಿರುತ್ತದೆ. ದಡದಲ್ಲಿಯೇ ಹುಟ್ಟಿ ಬೆಳೆದವರಿಗೆ ಅಂಥ ಕ್ಷಣವಿಲ್ಲ. ಅಷ್ಟರಿಂದ ಅವರು ನೀರಿನಲ್ಲಿದ್ದಾರೆ ಎಂದು ತೀರ್ಮಾನಿಸುವುದು ಮಾತ್ರ ತಪ್ಪು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಪುಣ್ಯವನ್ನು ಉಳಿತಾಯ ಖಾತೆಯಂತೆ ಕಾಣುವವರು ಇಲ್ಲವೆಂದು ಯಾರು ಹೇಳಬಲ್ಲರು? ಇಷ್ಟು ಪೂಜೆ, ಇಷ್ಟು ಜಪಸರ, ಇಷ್ಟು ಯಾತ್ರೆ, ಕೊನೆಯಲ್ಲಿ ಬಡ್ಡಿಸಮೇತ ಸ್ವರ್ಗ. ಅಂಥ ಲೆಕ್ಕಾಚಾರಕ್ಕೆ ಆ ಹುಡುಗನ ಪ್ರಶ್ನೆ ಒಳ್ಳೆಯ ಮದ್ದು.

ಈಗ ಪವಿತ್ರ ಗ್ರಂಥದ ಕಡೆಗೆ ಬರೋಣ. 'ಉದ್ಧಾರ' ಎಂಬ ನಮ್ಮ ಪದದ ಅರ್ಥ ಮೇಲಕ್ಕೆ ಎತ್ತುವುದು. ಶಾಲೆಯಲ್ಲಿ ಮೇಷ್ಟರು "ನೀನು ಉದ್ಧಾರವಾಗುವುದಿಲ್ಲ" ಎಂದು ಬೈದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆದರೆ ಯಾರೂ ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳಲಾರ ಎಂಬುದು ಆ ಪದದಲ್ಲಿಯೇ ಅಡಗಿದೆ. 'ವಿಶ್ವಾಸ' ಎಂಬ ಪದ ಉಸಿರಾಟಕ್ಕೆ ಸಂಬಂಧಿಸಿದ ಸಂಸ್ಕೃತ ಧಾತುವಿನಿಂದ ಬಂದದ್ದು. ಭಯವಿಲ್ಲದೆ ನಿರಾಳವಾಗಿ ಉಸಿರಾಡುವುದು ಅದರ ಮೂಲಭಾವ. ಆಡುನುಡಿಯಲ್ಲಿ ನಾವು 'ಪ್ರೀತಿ ವಿಶ್ವಾಸ' ಎಂದು ಜೋಡಿಯಾಗಿಯೇ ಹೇಳುತ್ತೇವೆ. ಅವರಿಗೆ ನಮ್ಮ ಮೇಲೆ ವಿಶ್ವಾಸವಿದೆ ಎಂದರೆ ಅವರು ನಮ್ಮನ್ನು ಕುರಿತ ಕೆಲವು ಸಂಗತಿಗಳನ್ನು ನಿಜವೆಂದು ಒಪ್ಪಿದ್ದಾರೆ ಎಂದಲ್ಲ, ನಮ್ಮನ್ನು ಹಚ್ಚಿಕೊಂಡಿದ್ದಾರೆ ಎಂದು ಅರ್ಥ. ಹಳೆಯ ಅನುವಾದದಲ್ಲಿರುವ 'ನಂಬಿಕೆ' ಎಂಬ ಪದವೂ ಬಡವಲ್ಲ. ನಂಬುವವನಲ್ಲಿರುವುದು ನಂಬಿಕೆ; ನಂಬಲು ಯೋಗ್ಯನಾದವನು ನಂಬಿಕಸ್ಥ. ಈ ಎರಡು ಮುಖಗಳನ್ನೂ ಸ್ವಲ್ಪ ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತವೆ.

ವಿಶ್ವಾಸದಿಂದ ಉದ್ಧಾರ ಎಂಬ ಬೋಧನೆಯನ್ನು ಸಂತ ಪೌಲರು ಶಾಂತವಾದ ಗ್ರಂಥಾಲಯದಲ್ಲಿ ಕುಳಿತು ಬರೆದವರಲ್ಲ. ಅದು ಒಂದು ಊಟದ ಪಂಕ್ತಿಯಲ್ಲಿ ಹುಟ್ಟಿದ ಜಗಳ. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಅದರ ವಿವರವಿದೆ. ಅಂತಿಯೋಕ್ಯದಲ್ಲಿ ಯೆಹೂದ್ಯರಾಗಿ ಹುಟ್ಟಿದ ಕ್ರೈಸ್ತರೂ ಅನ್ಯಜನರಿಂದ ಬಂದ ಕ್ರೈಸ್ತರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಪೇತ್ರರೂ ಅವರೊಂದಿಗೆ ಉಣ್ಣುತ್ತಿದ್ದರು. ಯಕೋಬರ ಕಡೆಯಿಂದ ಕೆಲವರು ಬಂದಾಗ ಪೇತ್ರರು ಹೆದರಿ ಪಂಕ್ತಿಯಿಂದ ಹಿಂದೆ ಸರಿದರು. ಉಳಿದ ಯೆಹೂದ್ಯರೂ ಅವರನ್ನು ಅನುಸರಿಸಿದರು. ಪೌಲರ ಆಪ್ತ ಸಂಗಡಿಗ ಬಾರ್ನಬರೂ ಸರಿದುಬಿಟ್ಟರು. ಪೌಲರು ಎಲ್ಲರೆದುರಿಗೆ ಪೇತ್ರರನ್ನು ಪ್ರಶ್ನಿಸಿದರು. ಧರ್ಮಶಾಸ್ತ್ರದ ವಿಧಿಗಳಿಂದ ಯಾರೂ ದೇವರ ಮುಂದೆ ನೀತಿವಂತರಾಗುವುದಿಲ್ಲ, ಕ್ರಿಸ್ತವಿಶ್ವಾಸದಿಂದಲೇ ಆಗುತ್ತಾರೆ ಎಂಬ ಪ್ರಸಿದ್ಧ ವಚನ ಬರುವುದು ಈ ಜಗಳದ ವರ್ಣನೆಯ ಬೆನ್ನಲ್ಲೇ.

ಪಂಕ್ತಿಭೇದ ಎಂದರೇನೆಂದು ನಮ್ಮ ನಾಡಿನವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಪೌಲರು ತಿರಸ್ಕರಿಸಿದ 'ಕ್ರಿಯೆಗಳು' ಅಲ್ಲಿ ಮೊಟ್ಟಮೊದಲು ಯಾವುವು? ಹಸಿದವನಿಗೆ ಅನ್ನ ಕೊಡುವುದಲ್ಲ, ರೋಗಿಯ ಆರೈಕೆಯಲ್ಲ. ಸುನ್ನತಿ, ಆಹಾರದ ನಿಯಮ, ದಿನಗಳ ಆಚರಣೆ: ಒಬ್ಬನನ್ನು ಒಳಗಿನವನೆಂದೂ ಇನ್ನೊಬ್ಬನನ್ನು ಹೊರಗಿನವನೆಂದೂ ಗುರುತಿಸುತ್ತಿದ್ದ ವಿಧಿಗಳು. ಪೌಲರು ಅಷ್ಟಕ್ಕೇ ನಿಲ್ಲುವುದಿಲ್ಲವೆಂಬುದೂ ನಿಜ. ಮುಂದೆ ರೋಮನರಿಗೆ ಬರೆಯುವಾಗ ಅವರು ಮನುಷ್ಯನ ಎಲ್ಲ ಹೆಚ್ಚುಗಾರಿಕೆಯನ್ನೂ ಅದೇ ತಕ್ಕಡಿಗೆ ಹಾಕುತ್ತಾರೆ. ಆದರೂ ಮೊದಲ ಪ್ರಶ್ನೆಯನ್ನು ಮರೆಯಬಾರದು. ದೇವರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಯಾರಿಗೆ ಹಕ್ಕು? ಹಕ್ಕು ಯಾರಿಗೂ ಇಲ್ಲ, ಆದುದರಿಂದ ಆಮಂತ್ರಣ ಎಲ್ಲರಿಗೂ ಇದೆ. ಇದು ಪೌಲರ ಉತ್ತರ. ಈ ಉತ್ತರವನ್ನೇ ಹಿಡಿದುಕೊಂಡು, ದಿನಾಂಕ ಹೇಳಬಲ್ಲವರು ಒಳಗೆ, ಹೇಳಲಾರದವರು ಹೊರಗೆ ಎಂದು ಹೊಸ ಪಂಕ್ತಿಭೇದ ಮಾಡಿದರೆ, ಅಂತಿಯೋಕ್ಯದ ಆ ಮೇಜನ್ನು ಮತ್ತೊಮ್ಮೆ ಒಡೆದಂತಾಗುತ್ತದೆ.

ನಮ್ಮ ಅನುವಾದಗಳಲ್ಲಿ ಈ ಸಂಗತಿ ಅರಳಿರುವ ರೀತಿ ಚಿಂತನಾರ್ಹ. ಹಳೆಯ ಕನ್ನಡ ಸತ್ಯವೇದ 'ನೀತಿವಂತ' ಎಂಬ ಪದವನ್ನು ಬಳಸುತ್ತದೆ. ಅದು ನ್ಯಾಯಾಲಯದ ಭಾಷೆ. ಆಪಾದಿತನು ಕಟಕಟೆಯಲ್ಲಿದ್ದಾನೆ, ನ್ಯಾಯಾಧೀಶರ ನಿರ್ಣಯ ಹೊರಬೀಳುತ್ತದೆ. ಇಂದು ನಾವು ಓದುವ ಸರಳ ಅನುವಾದ ಅದೇ ಜಾಗದಲ್ಲಿ 'ದೇವರೊಡನೆ ಸತ್ಸಂಬಂಧ' ಎನ್ನುತ್ತದೆ. ಇದು ಮನೆಯ ಭಾಷೆ. ಮೂಲ ಗ್ರೀಕ್ ಪದದಲ್ಲಿ ನ್ಯಾಯಾಲಯ ಖಂಡಿತ ಇದೆ, ಅದನ್ನು ಅಳಿಸಿಹಾಕಬಾರದು. ಆದರೆ ಬಿಡುಗಡೆಯಾದವನು ನ್ಯಾಯಾಲಯದ ಮೆಟ್ಟಿಲ ಮೇಲೆಯೇ ಉಳಿಯುವುದಿಲ್ಲವಲ್ಲ. ಅವನು ಮನೆಗೆ ಹೋಗಬೇಕು. ಪೋಲಿಹೋದ ಮಗನ ಕಥೆಯಲ್ಲಿ ತಂದೆ ತೀರ್ಪು ಹೇಳುವ ಗೋಜಿಗೇ ಹೋಗದೆ ನೇರವಾಗಿ ಮನೆಯ ಅಂಗಿಯನ್ನು ತರಿಸುತ್ತಾನೆ.

ಪೌಲರು ತಮ್ಮ ವಾದಕ್ಕೆ ಸಾಕ್ಷಿಯಾಗಿ ಕರೆಯುವುದು ಅಬ್ರಹಾಮನನ್ನು. ಆದಿಕಾಂಡ 15:6ರ ಪ್ರಕಾರ ಅಬ್ರಹಾಮನು ದೇವರನ್ನು ನಂಬಿದನು, ಅದನ್ನೇ ದೇವರು ಅವನ ನೀತಿಯೆಂದು ಎಣಿಸಿದರು. ಇದು ನಡೆದದ್ದು ಯಾವಾಗ ಎಂದು ಪೌಲರು ರೋಮನರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಕೇಳುತ್ತಾರೆ. ಸುನ್ನತಿಯ ಆಜ್ಞೆ ಬರುವುದು ಆದಿಕಾಂಡದ ಹದಿನೇಳನೆಯ ಅಧ್ಯಾಯದಲ್ಲಿ. ಎಂದರೆ ಅಬ್ರಹಾಮನು ಇನ್ನೂ ಹೊರಗಿನವನಾಗಿದ್ದಾಗಲೇ ದೇವರು ಅವನನ್ನು ತಮ್ಮವನೆಂದು ಎಣಿಸಿದ್ದರು. ವಿಶ್ವಾಸ ಮೊದಲು, ಗುರುತು ಆಮೇಲೆ.

ಇದೇ ವಚನವನ್ನು ಯಕೋಬರ ಪತ್ರವೂ ಉದ್ಧರಿಸುತ್ತದೆ, ಮತ್ತು ತದ್ವಿರುದ್ಧವೆಂದು ತೋರುವ ನಿಲುವಿಗೆ ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ 'ವಿಶ್ವಾಸ ಮಾತ್ರದಿಂದ' ಎಂಬ ಪದಪುಂಜ ಒಂದೇ ಒಂದು ಕಡೆ ಬರುತ್ತದೆ. ಅದು ಯಕೋಬ 2:24. ಅಲ್ಲಿಯೂ ಅದು ನಿಷೇಧದ ರೂಪದಲ್ಲಿದೆ. ಮನುಷ್ಯನು ನೀತಿವಂತನಾಗುವುದು ಕ್ರಿಯೆಗಳಿಂದ, ಬರೀ ವಿಶ್ವಾಸದಿಂದಲ್ಲ ಎಂಬುದು ಯಕೋಬರ ಮಾತಿನ ಸಾರ. ದೊಡ್ಡಮ್ಮನಿಗೆ ನಾನು ಅಂದು ಇದನ್ನೇ ತೋರಿಸಿ, "ನೋಡಿ, ಸತ್ಯವೇದವೇ ಹೇಳುತ್ತದೆ" ಎಂದು ಗೆದ್ದವನಂತೆ ನುಡಿದಿದ್ದೆ. ಅದು ಸೋಮಾರಿಯ ಉತ್ತರ. ಅವನ ಕೈಯಲ್ಲಿ ಒಂದು ವಚನ, ನನ್ನ ಕೈಯಲ್ಲಿ ಇನ್ನೊಂದು. ನಡುವೆ ಆ ವಿಧವೆ.

ಯಕೋಬರು 'ವಿಶ್ವಾಸ' ಎಂದಾಗ ಯಾವುದನ್ನು ಕುರಿತು ಹೇಳುತ್ತಿದ್ದಾರೆ ಎಂದು ನೋಡಬೇಕು. ಅವರು ಕೊಡುವ ಉದಾಹರಣೆ ದೆವ್ವಗಳದು: ದೇವರು ಒಬ್ಬರೇ ಎಂದು ಅವೂ ನಂಬುತ್ತವೆ, ನಂಬಿ ನಡುಗುತ್ತವೆ. ಇನ್ನೊಂದು ಉದಾಹರಣೆ, ಬಟ್ಟೆಯಿಲ್ಲದೆ ಹಸಿದು ನಿಂತ ಸಹೋದರನಿಗೆ ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಹಾರೈಸಿ ಬರಿಗೈಯಲ್ಲಿ ಕಳಿಸುವವನದು. ಅಂದರೆ ಯಕೋಬರು ಟೀಕಿಸುವ ವಿಶ್ವಾಸ ತಲೆಯಲ್ಲಿ ಮಾತ್ರ ಇರುವ ಒಪ್ಪಿಗೆ. ಪೌಲರು ಕೊಂಡಾಡುವ ವಿಶ್ವಾಸವೋ, ಗಲಾತ್ಯ 5:6ರಲ್ಲಿ ಅವರೇ ವಿವರಿಸುವಂತೆ, ಪ್ರೀತಿಯ ಮೂಲಕ ಕೆಲಸ ಮಾಡುವಂಥದು. ನಮ್ಮ 'ಪ್ರೀತಿ ವಿಶ್ವಾಸ'ದ ಜೋಡಿ ಇಲ್ಲಿ ಹತ್ತಿರ ಬರುತ್ತದೆ. ಪೌಲರ ಎದುರಿಗೆ ನಿಂತಿದ್ದವನು ತನ್ನ ಆಚರಣೆಯನ್ನು ನೆಚ್ಚಿಕೊಂಡವನು. ಯಕೋಬರ ಎದುರಿಗೆ ನಿಂತಿದ್ದವನು ತನ್ನ ಒಪ್ಪಿಗೆಯನ್ನೇ ನೆಚ್ಚಿಕೊಂಡವನು. ಇಬ್ಬರ ಕಾಯಿಲೆಯೂ ಒಂದೇ: ತನ್ನ ಕೈಯಲ್ಲಿ ಏನೋ ಇದೆ ಎಂಬ ಭ್ರಮೆ. ಒಂದೇ ಮನೆಯ ವೈದ್ಯರು ಒಬ್ಬನಿಗೆ ಉಪ್ಪು ಬಿಡು ಎಂದೂ ಇನ್ನೊಬ್ಬನಿಗೆ ಉಪ್ಪು ತಿನ್ನು ಎಂದೂ ಹೇಳುವುದುಂಟು.

ಈ ವಚನಗಳ ಸುತ್ತ ಧರ್ಮಸಭೆ ಒಡೆದ ಚರಿತ್ರೆಯನ್ನು ಸ್ವಲ್ಪದರಲ್ಲಿ ಹೇಳಿ ಮುಂದುವರಿಯುತ್ತೇನೆ. ಮಾರ್ಟಿನ್ ಲೂಥರ್ 1522ರಲ್ಲಿ ಪ್ರಕಟಿಸಿದ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ರೋಮ 3:28ಕ್ಕೆ, ಮೂಲ ಗ್ರೀಕಿನಲ್ಲಿ ಇಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದರು. ಆಕ್ಷೇಪಣೆ ಬಂದಾಗ, 1530ರಲ್ಲಿ ಅನುವಾದದ ಬಗ್ಗೆ ಬರೆದ ಬಹಿರಂಗ ಪತ್ರದಲ್ಲಿ, ಜರ್ಮನ್ ನುಡಿಯ ಜಾಯಮಾನ ಅದನ್ನು ಕೇಳುತ್ತದೆಂದು ಸಮರ್ಥಿಸಿಕೊಂಡರು. ಅವರೇ ಮೊದಲಿಗರಲ್ಲ, ಮೂರನೆಯ ಶತಮಾನದ ಒರಿಜೆನ್ ರೋಮನರಿಗೆ ಬರೆದ ಪತ್ರದ ವ್ಯಾಖ್ಯಾನದಲ್ಲಿ, ವಿಶ್ವಾಸದಿಂದ ಮಾತ್ರ ನೀತಿವಂತನಾದವನಿಗೆ ದೃಷ್ಟಾಂತವಾಗಿ ಶಿಲುಬೆಯ ಮೇಲಿನ ಕಳ್ಳನನ್ನು ಎತ್ತಿಕೊಂಡಿದ್ದರು. ಕಥೋಲಿಕ ಧರ್ಮಸಭೆಯ ಉತ್ತರ ಬಂದದ್ದು ತ್ರೆಂತ್ ಮಹಾಸಭೆಯಲ್ಲಿ, 1547ರ ಜನವರಿ 13ರಂದು. ಆ ಮಹಾಸಭೆ ವಿಶ್ವಾಸದ ವಿರುದ್ಧ ಪುಣ್ಯಕಾರ್ಯಗಳ ಪಕ್ಷ ವಹಿಸಿತು ಎಂದು ತಿಳಿದವರು ನಮ್ಮಲ್ಲಿಯೂ ಇದ್ದಾರೆ. ಹಾಗಲ್ಲ. ದೇವರ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವನನ್ನು ಅದರ ಮೊಟ್ಟಮೊದಲ ಖಂಡನಾವಾಕ್ಯವೇ ಖಂಡಿಸುತ್ತದೆ. ಆ ಮೊದಲ ಕೃಪೆಗೆ ನಮ್ಮ ವಿಶ್ವಾಸವಾಗಲಿ ಕ್ರಿಯೆಯಾಗಲಿ ಬೆಲೆಯಲ್ಲ ಎಂದೂ, ವಿಶ್ವಾಸವೇ ಉದ್ಧಾರದ ಆರಂಭ ಮತ್ತು ಬೇರು ಎಂದೂ ಅದು ಬೋಧಿಸಿತು. ಅದು ನಿರಾಕರಿಸಿದ್ದು, ಕೃಪೆಗೆ ಮನುಷ್ಯನ ಕಡೆಯಿಂದ ಓಗೊಡುವಿಕೆಯೇ ಬೇಕಾಗಿಲ್ಲ ಎಂಬ ಅರ್ಥದಲ್ಲಿ ಹೇಳುವ 'ಮಾತ್ರ'ವನ್ನು.

ನಾಲ್ಕೂವರೆ ಶತಮಾನಗಳ ನಂತರ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯೊಂದರಿಂದಲೇ, ಕ್ರಿಸ್ತರ ಉದ್ಧಾರಕಾರ್ಯದಲ್ಲಿನ ವಿಶ್ವಾಸದಿಂದ ದೇವರು ನಮ್ಮನ್ನು ಅಂಗೀಕರಿಸುತ್ತಾರೆ, ಪವಿತ್ರಾತ್ಮರು ನಮ್ಮ ಹೃದಯವನ್ನು ನವೀಕರಿಸಿ ಸತ್ಕಾರ್ಯಗಳಿಗೆ ಸಜ್ಜುಗೊಳಿಸುತ್ತಾರೆ ಎಂಬುದು ಅದರ ತಿರುಳು. 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಅದಕ್ಕೆ ಸೇರಿಕೊಂಡರು. ಸಂತ ಪೌಲರ ವರ್ಷದಲ್ಲಿ, 2008ರ ನವೆಂಬರ್‌ನಲ್ಲಿ, ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು, ವಿಶ್ವಾಸವನ್ನು ಪ್ರೀತಿಗೆ ಎದುರಾಗಿ ನಿಲ್ಲಿಸದಿದ್ದರೆ ಲೂಥರರ 'ವಿಶ್ವಾಸ ಮಾತ್ರ' ಎಂಬ ಮಾತು ಸತ್ಯವೆಂದು ಹೇಳಿದರು. ಇಷ್ಟು ದೊಡ್ಡ ರಾಜಿ ನಮ್ಮ ಅಡುಗೆಮನೆಗಳವರೆಗೆ ಬಂದು ತಲುಪಲಿಲ್ಲವೆಂಬುದು ನನ್ನ ವಿಷಾದ.

ಇಷ್ಟಾದರೂ ದೊಡ್ಡಮ್ಮನ ಪ್ರಶ್ನೆ ಉಳಿದೇ ಇದೆ. ಏಕೆಂದರೆ ನಿಜವಾದ ಕಷ್ಟ ವಿಶ್ವಾಸಕ್ಕೂ ಕ್ರಿಯೆಗೂ ನಡುವೆ ಇರುವುದಲ್ಲ, ವಿಶ್ವಾಸದ ಒಳಗೇ ಇರುವುದು. ವಿಶ್ವಾಸದಿಂದ ಮಾತ್ರ ಉದ್ಧಾರ ಎಂದಾಗ, ಆ ವಿಶ್ವಾಸವನ್ನು ನಾನು ಹುಟ್ಟಿಸಬೇಕೇ? ನನ್ನ ವಿಶ್ವಾಸ ಸಾಕಷ್ಟು ಗಟ್ಟಿಯೇ, ನಾನು ಹೃತ್ಪೂರ್ವಕವಾಗಿ ಅಂಗೀಕರಿಸಿದೆನೇ ಎಂದು ಅಳೆಯುತ್ತ ಕುಳಿತರೆ ಆ ವಿಶ್ವಾಸವೇ ಒಂದು ಕ್ರಿಯೆಯಾಗಿಬಿಡುತ್ತದೆ. ಎಲ್ಲ ಕ್ರಿಯೆಗಳಿಗಿಂತ ಕಠಿಣವಾದ ಕ್ರಿಯೆ. ಉಪವಾಸ ಮಾಡಿದೆನೋ ಇಲ್ಲವೋ ಎಂದು ನನಗೆ ಗೊತ್ತಾಗುತ್ತದೆ. ವಿಶ್ವಾಸವಿಟ್ಟೆನೋ ಇಲ್ಲವೋ ಎಂದು ಹೇಗೆ ಗೊತ್ತಾಗಬೇಕು? ಆ ಮಗನ ಕೂಟದಲ್ಲಿ ಪ್ರತಿ ಕೂಟಕ್ಕೂ ಮತ್ತೆ ಮತ್ತೆ ಮುಂದೆ ಬಂದು ಅಂಗೀಕರಿಸುವವರಿದ್ದಾರೆಂದು ಅವನೇ ನನಗೆ ಒಮ್ಮೆ ಹೇಳಿದ. ಹಿಂದಿನ ಬಾರಿ ಸರಿಯಾಗಿ ಆಗಿತ್ತೋ ಇಲ್ಲವೋ ಎಂಬ ಅಂಜಿಕೆ ಅವರಿಗೆ. ನಮ್ಮವರು ನವೇನಗಳನ್ನು ಎಣಿಸುವುದಕ್ಕೂ ಇದಕ್ಕೂ ವ್ಯತ್ಯಾಸವೇನು?

ಇಲ್ಲಿ ಹೀಬ್ರೂ ಭಾಷೆಯ ಒಂದು ಪದ ನನಗೆ ಬಹಳ ಸಹಾಯ ಮಾಡಿದೆ. ನೀತಿವಂತನು ವಿಶ್ವಾಸದಿಂದ ಬಾಳುವನು ಎಂದು ಪೌಲರು ಆಧಾರವಾಗಿ ಹಿಡಿಯುವ ಮಾತು ಪ್ರವಾದಿ ಹಬಕ್ಕೂಕನದು (2:4). ಅಲ್ಲಿರುವ ಹೀಬ್ರೂ ಪದ 'ಎಮುನಾ'. ನಾವು ಪ್ರಾರ್ಥನೆಯ ಕೊನೆಯಲ್ಲಿ ಹೇಳುವ 'ಆಮೆನ್' ಅದೇ ಧಾತುವಿನದು. ಸ್ಥಿರವಾಗಿರುವುದು, ಅಲುಗದಿರುವುದು ಅದರ ಅರ್ಥ. ಈ ಪದ ಅತ್ಯಂತ ದೈಹಿಕವಾದ ಅರ್ಥದಲ್ಲಿ ಬರುವುದು ವಿಮೋಚನಾಕಾಂಡ 17:12ರಲ್ಲಿ. ಅಮಾಲೇಕ್ಯರೊಡನೆ ಯುದ್ಧ ನಡೆಯುತ್ತಿದೆ. ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದಾನೆ. ಕೈ ಎತ್ತಿದ್ದಾಗ ಇಸ್ರಯೇಲರು ಗೆಲ್ಲುತ್ತಾರೆ, ಇಳಿದಾಗ ಸೋಲುತ್ತಾರೆ. ಮುದುಕನ ಕೈಗಳು ಸೋತುಹೋಗುತ್ತವೆ. ಆರೋನ ಮತ್ತು ಹೂರ ಒಂದು ಕಲ್ಲು ತಂದಿಟ್ಟು ಅವನನ್ನು ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ನಿಂತು ಅವನ ಕೈಗಳನ್ನು ಆತುಕೊಳ್ಳುತ್ತಾರೆ. ಸೂರ್ಯ ಮುಳುಗುವವರೆಗೂ ಅವನ ಕೈಗಳು 'ಎಮುನಾ' ಆಗಿದ್ದವು ಎನ್ನುತ್ತದೆ ಮೂಲ.

ಗಮನಿಸಿ, ಮೋಶೆಯ ಕೈಗಳಲ್ಲಿ ಬಲವಿರಲಿಲ್ಲ. ಅವು ಸ್ಥಿರವಾಗಿದ್ದುದು ಹಿಡಿದವರಿಂದ.

ಇದನ್ನು ಓದಿದ ಮೇಲೆ ನಾನು ಶುಭಸಂದೇಶಗಳನ್ನು ಮತ್ತೆ ತೆರೆದು, ಉದ್ಧಾರವಾದವರ ವಿಶ್ವಾಸ ಎಂಥದೆಂದು ನೋಡಿದೆ. ವಿಶ್ವಾಸ ನಿನ್ನನ್ನು ಉದ್ಧರಿಸಿತು ಎಂದು ಯೇಸುಸ್ವಾಮಿ ಹೇಳುವಲ್ಲಿ ಬರುವ ಗ್ರೀಕ್ ಕ್ರಿಯಾಪದಕ್ಕೆ ಗುಣಪಡಿಸುವುದು, ರಕ್ಷಿಸುವುದು ಎಂಬ ಎರಡೂ ಅರ್ಥಗಳಿವೆ. ಅನುವಾದಕರು ಸಂದರ್ಭ ನೋಡಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ರಕ್ತಸ್ರಾವದ ಹೆಂಗಸಿಗೆ ಈ ಮಾತು ಹೇಳಿದರು. ಆಕೆ ಹಿಂದಿನಿಂದ ಬಂದು, ಯಾರಿಗೂ ತಿಳಿಯದಂತೆ, ಬಟ್ಟೆಯ ಅಂಚನ್ನು ಮುಟ್ಟಿದವಳು. ಫರಿಸಾಯನ ಮನೆಯಲ್ಲಿ ಪಾದಗಳನ್ನು ಕಣ್ಣೀರಿನಿಂದ ತೊಳೆದ ಹೆಂಗಸಿಗೆ ಹೇಳಿದರು. ಆಕೆ ಒಂದು ಮಾತನ್ನೂ ಆಡಲಿಲ್ಲ. ಕುಷ್ಠದಿಂದ ಗುಣವಾದವರು ಹತ್ತು ಮಂದಿ, ಆದರೆ ಈ ಮಾತನ್ನು ಕೇಳಿಸಿಕೊಂಡವನು ಕೃತಜ್ಞತೆಯಿಂದ ಹಿಂದಿರುಗಿ ಬಂದ ಒಬ್ಬ ಸಮಾರಿಯದವನು. ಮೂರ್ಛೆರೋಗದ ಮಗನ ತಂದೆಯಂತೂ (ಮಾರ್ಕ 9) ತನ್ನ ವಿಶ್ವಾಸವನ್ನೂ ಅವಿಶ್ವಾಸವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡು ಸಹಾಯ ಬೇಡಿದ. ಮೊದಲು ನಿನ್ನ ವಿಶ್ವಾಸ ಪೂರ್ಣವಾಗಲಿ ಎಂದು ಸ್ವಾಮಿ ಅವನನ್ನು ಹಿಂದಕ್ಕೆ ಕಳಿಸಲಿಲ್ಲ. ಮಗ ಗುಣವಾದ. ಇವರಲ್ಲಿ ಯಾರೂ ತಮ್ಮ ವಿಶ್ವಾಸವನ್ನು ಅಳೆದುಕೊಂಡವರಲ್ಲ. ಅವರ ಕಣ್ಣು ತಮ್ಮ ಮೇಲಿರಲಿಲ್ಲ, ಎದುರಿಗಿದ್ದವರ ಮೇಲಿತ್ತು.

ಹಾಗಾದರೆ ಉದ್ಧಾರವಾಗಿದ್ದೀಯಾ ಎಂಬ ಪ್ರಶ್ನೆಗೆ ಉತ್ತರವಿಲ್ಲವೇ? ಪೌಲರ ಪತ್ರಗಳಲ್ಲಿ ಮೂರು ಉತ್ತರಗಳಿವೆ. ನಾವು ನಿರೀಕ್ಷೆಯಲ್ಲಿ ಉದ್ಧಾರವಾದೆವು ಎಂದು ರೋಮ 8:24. ಉದ್ಧಾರವಾಗುತ್ತಿರುವ ನಮಗೆ ಎಂದು 1 ಕೊರಿಂಥ 1:18. ಉದ್ಧಾರವಾಗುವೆವು ಎಂದು ರೋಮ 5:9. ಭೂತ, ವರ್ತಮಾನ, ಭವಿಷ್ಯತ್ತು. ಬಿತ್ತಿದ ಗದ್ದೆಯನ್ನು ಕುರಿತು ರೈತನೂ ಹೀಗೆಯೇ ಮಾತನಾಡುತ್ತಾನೆ. ತನ್ನ ಬಗ್ಗೆ ಕೇಳಿದಾಗ ಪೌಲರು ಕೊಡುವ ಉತ್ತರವನ್ನು 1 ಕೊರಿಂಥ 4:3-5ರಲ್ಲಿ ಓದಿದಾಗ ನಾನು ಬೆರಗಾದೆ: ನನ್ನ ಮನಸ್ಸಾಕ್ಷಿಯಲ್ಲಿ ದೋಷವೇನೂ ಕಾಣುತ್ತಿಲ್ಲ, ಆದರೆ ಅಷ್ಟರಿಂದ ನಾನು ನಿರ್ದೋಷಿಯಾಗುವುದಿಲ್ಲ, ನನ್ನನ್ನು ವಿಚಾರಿಸುವವರು ಪ್ರಭು, ನಾನಂತೂ ನನ್ನನ್ನು ವಿಚಾರಣೆ ಮಾಡಿಕೊಳ್ಳಹೋಗುವುದಿಲ್ಲ ಎಂಬ ಭಾವ ಅಲ್ಲಿದೆ. ಲೆಕ್ಕವನ್ನು ಸ್ವಾಮಿಯೇ ಬಲ್ಲರು ಎಂದು ಹೇಳಿ ಎದ್ದು ಹೋದ ದೊಡ್ಡಮ್ಮ ಆ ಪತ್ರವನ್ನು ಓದಿದವರಲ್ಲ.

ಆ ಮಾತಿನಲ್ಲಿ ಉಪೇಕ್ಷೆ ಇರಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಇರಬಹುದು. ನಾಳೆ ನೋಡಿಕೊಳ್ಳೋಣ ಎಂಬ ಸೋಮಾರಿತನಕ್ಕೂ ದೇವರು ನೋಡಿಕೊಳ್ಳುವರು ಎಂಬ ವಿಶ್ವಾಸಕ್ಕೂ ಹೊರಗಿನಿಂದ ನೋಡಿದರೆ ಹೆಚ್ಚು ಅಂತರ ಕಾಣದು. ಅಂತರ ತಿಳಿಯುವುದು ಅವರ ಬದುಕಿನಿಂದ. ದೊಡ್ಡಪ್ಪ ರೈಸ್‌ಮಿಲ್ಲಿನ ಲೆಕ್ಕ ಬರೆಯುತ್ತಿದ್ದರು. ಪಕ್ಕದ ಮನೆಯ ಹಿಂದೂ ಹುಡುಗನ ಶಾಲಾ ಶುಲ್ಕವನ್ನು ನಾಲ್ಕು ವರ್ಷ ಕಟ್ಟಿದ್ದು ಅವರು ತೀರಿಕೊಂಡ ಮೇಲೆ, ಆ ಹುಡುಗನೇ ಬಂದು ಹೇಳಿದಾಗ, ಮನೆಯವರಿಗೆ ಗೊತ್ತಾಯಿತು. ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಬಲಗಡೆ ನಿಂತವರಿಗೂ ಆಶ್ಚರ್ಯವಾಗುತ್ತದೆ. ನಾವು ಯಾವಾಗ ನಿಮಗೆ ಉಣ್ಣಲು ಕೊಟ್ಟೆವು ಎಂದು ಅವರು ಕೇಳುತ್ತಾರೆ. ಅವರು ಲೆಕ್ಕ ಇಟ್ಟಿರಲಿಲ್ಲ. ಇದರಿಂದ ಕ್ರಿಸ್ತರ ಹೆಸರನ್ನೇ ಕೇಳದವರ ಗತಿ ಏನು ಎಂಬ ಪ್ರಶ್ನೆಯೂ ಏಳುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ, ತಮ್ಮದಲ್ಲದ ತಪ್ಪಿನಿಂದ ಶುಭಸಂದೇಶವನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುತ್ತ ಮನಸ್ಸಾಕ್ಷಿಯಂತೆ ನಡೆಯುವವರಿಗೂ ಉದ್ಧಾರದ ಬಾಗಿಲು ಮುಚ್ಚಿಲ್ಲವೆಂದು ಬೋಧಿಸಿದೆ. ಅದು ಬೇರೆಯೇ ಒಂದು ಲೇಖನದ ವಿಷಯ.

ನಾನು ಕೊನೆಗೆ ಬಂದು ನಿಲ್ಲುವುದು ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ. ಕಫೆರ್ನವುಮಿನ ಒಂದು ಮನೆ. ಬಾಗಿಲವರೆಗೂ ಜನ. ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು, ಒಳಗೆ ಹೋಗಲಾರದೆ, ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಚಾಪೆಯ ಸಮೇತ ಅವನನ್ನು ಇಳಿಸುತ್ತಾರೆ. ಯೇಸುಸ್ವಾಮಿ 'ಅವರ' ವಿಶ್ವಾಸವನ್ನು ಕಂಡು ರೋಗಿಯ ಪಾಪಗಳನ್ನು ಕ್ಷಮಿಸುತ್ತಾರೆ. ಅವನ ವಿಶ್ವಾಸ ಎಂದಿಲ್ಲ, ಅವರ ವಿಶ್ವಾಸ ಎಂದಿದೆ. ಆ 'ಅವರ' ಎಂಬುದರಲ್ಲಿ ರೋಗಿಯೂ ಸೇರಿರಬಹುದು. ಆದರೆ ಅವನು ಏನನ್ನು ನಂಬಿದ್ದನೆಂದು ಮಾರ್ಕನು ನಮಗೆ ಹೇಳುವುದಿಲ್ಲ. ಅವನು ಬಾಯಿ ತೆರೆಯುವುದೇ ಇಲ್ಲ. ನಾವು ಹಸುಗೂಸುಗಳಿಗೆ ಜ್ಞಾನಸ್ನಾನ ಕೊಡುವಾಗ, ಜ್ಞಾನತಂದೆ ಜ್ಞಾನತಾಯಿಯರು ಮಗುವಿನ ಪರವಾಗಿ ವಿಶ್ವಾಸವನ್ನು ನುಡಿಯುವಾಗ, ಚಾಪೆಯ ನಾಲ್ಕು ಮೂಲೆಗಳನ್ನು ಹಿಡಿದಿರುತ್ತೇವೆ.

ಅವರೆಲ್ಲರಿಗಿಂತ ಕೆಳಗೆ ಇನ್ನೊಂದು ಕೈ ಇದೆ. ರೋಮ 3:22, ಗಲಾತ್ಯ 2:16 ಮುಂತಾದ ವಚನಗಳಲ್ಲಿರುವ ಗ್ರೀಕ್ ಪದಪುಂಜವನ್ನು 'ಕ್ರಿಸ್ತರಲ್ಲಿ ನಮ್ಮ ವಿಶ್ವಾಸ' ಎಂದೂ ಅನುವಾದಿಸಬಹುದು, 'ಕ್ರಿಸ್ತರ ವಿಶ್ವಾಸಪಾತ್ರತೆ' ಎಂದೂ ಅನುವಾದಿಸಬಹುದು. ಯಾವುದು ಸರಿ ಎಂದು ಪಂಡಿತರು ಕಳೆದ ಕೆಲವು ದಶಕಗಳಿಂದ ವಾದಿಸುತ್ತಲೇ ಇದ್ದಾರೆ. ಆ ವಾದ ಹೇಗೇ ಮುಗಿಯಲಿ, ನಂಬಿಕೆ ಮತ್ತು ನಂಬಿಕಸ್ಥ ಎಂಬ ಎರಡು ಪದಗಳನ್ನು ಒಂದೇ ಬೇರಿನಿಂದ ಪಡೆದ ನಮಗೆ ಇದು ಅಷ್ಟೇನೂ ಅಪರಿಚಿತವಲ್ಲ. ನಾನು ನಂಬಿದ್ದರಿಂದ ಅವರು ನಂಬಿಕಸ್ಥರಾಗುವುದಿಲ್ಲ. ಅವರು ಕೊನೆಯವರೆಗೂ, ಶಿಲುಬೆಯವರೆಗೂ ನಂಬಿಕಸ್ಥರಾಗಿ ಉಳಿದದ್ದರಿಂದ ನನ್ನ ಕುಂಟು ನಂಬಿಕೆಗೆ ಒರಗಿಕೊಳ್ಳಲು ಒಂದು ಗೋಡೆಯಿದೆ.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳುವಷ್ಟರಲ್ಲಿ ಕಾಲ ಮೀರಿತ್ತು. ಮೂರು ವರ್ಷಗಳಿಂದ ಅವರಿಗೆ ಮರೆವಿನ ರೋಗ. ಮೊದಲು ಊರಿನವರ ಹೆಸರು ಹೋಯಿತು, ಆಮೇಲೆ ಮೊಮ್ಮಕ್ಕಳದು. ವಿಶ್ವಾಸ ಸಂಗ್ರಹವನ್ನು ಅರ್ಧಕ್ಕೆ ನಿಲ್ಲಿಸಿ ಸುತ್ತ ನೋಡುವರು. ಈಗ ಅದೂ ಇಲ್ಲ. ಯೇಸು ಯಾರೆಂದು ಕೇಳಿದರೆ ಹೇಳಲಾರರು.

ಅವರನ್ನು ನೋಡಿಕೊಳ್ಳುತ್ತಿರುವವನು ಆ ಕಿರಿಯ ಮಗ. ಹಿರಿಯರಿಬ್ಬರು ದೂರದ ಊರುಗಳಲ್ಲಿದ್ದಾರೆ. ಅವನು ಈಗಲೂ ತನ್ನ ಕೂಟಕ್ಕೇ ಹೋಗುತ್ತಾನೆ. ಕಳೆದ ಅಡ್ವೆಂಟ್ ಕಾಲದಲ್ಲಿ ಒಂದು ಸಂಜೆ ನಾನು ಹೋದಾಗ ಅವನು ತಾಯಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಮಂಚದ ಪಕ್ಕ ಕುಳಿತಿದ್ದ. ದೊಡ್ಡಮ್ಮನ ಬೆರಳುಗಳು ಹೊದಿಕೆಯ ಅಂಚನ್ನು ಮಣಿ ಎಣಿಸುವಂತೆ ಸರಿಸುತ್ತಿದ್ದವು. ಅವನು ಗೂಡಿನಲ್ಲಿದ್ದ ಅವರ ಹಳೆಯ ಜಪಸರವನ್ನು ತಂದು ಆ ಬೆರಳುಗಳ ನಡುವೆ ಇಟ್ಟ. ನನ್ನನ್ನು ಕಂಡು ಸ್ವಲ್ಪ ಸಂಕೋಚಪಟ್ಟ. "ನಾನು ಇದನ್ನು ಹೇಳುವುದಿಲ್ಲ, ನಿಮಗೆ ಗೊತ್ತಲ್ಲ" ಎಂದ. ಆಮೇಲೆ, "ಅವರಿಗೆ ಮರೆತುಹೋಗಿದೆ. ಯಾರಾದರೂ ಹೇಳಬೇಕಲ್ಲ" ಎಂದು, ತಾಯಿಯ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದು ಪರಲೋಕ ಮಂತ್ರವನ್ನು ಆರಂಭಿಸಿದ. ನಾನು ಇನ್ನೊಂದು ಪಕ್ಕದಲ್ಲಿ ಕುಳಿತು ದನಿಗೂಡಿಸಿದೆ.